ಕುಂಡದ ಮಣ್ಣು: ನೀರು ಬಸಿಯುವಿಕೆಯ ಇತಿಹಾಸ

ಕುಂಡ, ಪೆಟ್ಟಿಗೆ ಅಥವಾ ಚೀಲದಲ್ಲಿ ಬೆಳೆಯುವ ಗಿಡದ ಬೇರಿಗೆ ನೀರೂ ಗಾಳಿಯೂ ಒಟ್ಟಿಗೆ ದೊರೆಯುವಂತೆ ಮಣ್ಣನ್ನು ಹದಗೊಳಿಸಿ, ಹೆಚ್ಚಿನ ನೀರನ್ನು ಹೊರಗೆ ಬಿಡುವ ತೋಟಗಾರಿಕೆಯ ವಿದ್ಯೆ. ಹೊಲದಲ್ಲಿ ನೀರು ಹೆಚ್ಚಾದರೆ ಆಳಕ್ಕೆ ಇಂಗುತ್ತದೆ. ಕುಂಡದಲ್ಲಿ ಒಂದು ಗೇಣಿನ ಕೆಳಗೇ ತಳ ಸಿಗುತ್ತದೆ. ಮಣ್ಣಿನ ಸಂದುಗಳೆಲ್ಲ ನೀರಿನಿಂದ ತುಂಬಿದಾಗ ಬೇರಿಗೆ ಉಸಿರು ಕಟ್ಟುತ್ತದೆ, ಏಕೆಂದರೆ ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗಿ ನೀರಿನಲ್ಲಿ ಹರಡುತ್ತದೆ. ಉಸಿರುಗಟ್ಟಿದ ಬೇರು ನೀರನ್ನು ಹೀರಲಾರದು, ಎಲೆ ಬಾಡುತ್ತದೆ. ಬಾಡಿದ್ದನ್ನು ಕಂಡು ಮನೆಯವರು ಇನ್ನೂ ಒಂದು ಚೊಂಬು ಸುರಿಯುತ್ತಾರೆ. ಈ ಒಂದು ತಪ್ಪಿನ ಕಾರಣ ತಿಳಿಯಲು ತೋಟಗಾರರಿಗೆ ಬಹಳ ಕಾಲ ಹಿಡಿಯಿತು.

ಗಿಡವನ್ನು ಬೇರು ಸಮೇತ ಒಂದೆಡೆಯಿಂದ ಇನ್ನೊಂದೆಡೆಗೆ ಹೊತ್ತೊಯ್ಯುವ ರೂಢಿ ಬಹಳ ಹಳೆಯದು. ಈಜಿಪ್ಟಿನ ರಾಣಿ ಹತ್‌ಶೆಪ್ಸುತ್ ಕಟ್ಟಿಸಿದ ದೈರ್ ಅಲ್ ಬಹ್ರಿ ದೇವಾಲಯದ ಗೋಡೆಯಲ್ಲಿ, ಪುಂಟ್ ನಾಡಿನಿಂದ ತಂದ ಧೂಪದ ಮರಗಳನ್ನು ಬುಟ್ಟಿಯಲ್ಲಿಟ್ಟು ಆಳುಗಳು ಹೊರುವ ಉಬ್ಬುಚಿತ್ರವಿದೆ. ಹೆಣೆದ ಬುಟ್ಟಿಯಲ್ಲಿ ನೀರು ನಿಲ್ಲುವ ಮಾತೇ ಇಲ್ಲ. ರೋಮನರು ತೂತು ಕೊರೆದ ಮಡಕೆಗಳನ್ನು ಬಳಸಿದರು. ಟೊಂಗೆಯನ್ನು ಇಂಥ ಮಡಕೆಯಲ್ಲಿ ಹಾಯಿಸಿ ಬೇರು ಬರಿಸುವ ಕ್ರಮವನ್ನು ಕ್ರಿ.ಪೂ. 2ನೇ ಶತಮಾನದ ಕೇಟೋ ವಿವರಿಸಿದ್ದಾನೆ. ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪೊಂಪೇಯ ತೋಟಗಳ ಉತ್ಖನನದಲ್ಲಿ ಅಂಥ ಮಡಕೆಗಳು ಸಿಕ್ಕಿವೆ. ಮಾದಳದ ಗಿಡವನ್ನು ಪರದೇಶಗಳಿಗೆ ಸಾಗಿಸಲು ಯತ್ನಿಸಿದವರ ವಿಷಯ ಬರೆಯುವಾಗ ಪ್ಲಿನಿ, ಅವರ ಮಣ್ಣಿನ ಪಾತ್ರೆಗಳಲ್ಲಿ ಬೇರು ಉಸಿರಾಡಲೆಂದು ರಂಧ್ರಗಳಿದ್ದವು ಎನ್ನುತ್ತಾನೆ. ಕುಂಡದ ತೂತು ನೀರಿಗೆ ಮಾತ್ರವಲ್ಲ, ಗಾಳಿಗೂ ಎಂಬುದನ್ನು 1ನೇ ಶತಮಾನದಲ್ಲೇ ಒಬ್ಬ ಬರೆದಿಟ್ಟಿದ್ದ. ಆಮೇಲೆ ಈ ಮಾತು ಮರೆತೇ ಹೋದಂತಾಯಿತು.

ನಮ್ಮ ತುಳಸಿಕಟ್ಟೆಯನ್ನೂ ಇಲ್ಲಿ ನೆನೆಯಬೇಕು. ನೋಟಕ್ಕೆ ಅದು ಕುಂಡವೇ. ಆದರೆ ಹಳೆಯ ಮನೆಗಳ ಅಂಗಳದಲ್ಲಿ ತಳ ಮುಚ್ಚದೆ ನೆಲದ ಮೇಲೇ ಕಟ್ಟಿದ ಕಟ್ಟೆಯೊಳಗಿನ ಮಣ್ಣು ಕೆಳಗಿನ ನೆಲದೊಂದಿಗೆ ಸೇರಿಕೊಂಡಿರುತ್ತದೆ. ದಿನವೂ ನೀರೆರೆದರೂ ಅಲ್ಲಿ ತುಳಸಿ ಕೊಳೆಯುವುದಿಲ್ಲ, ಕೆಳಗಿನ ಮಣ್ಣೇ ನೀರನ್ನು ಎಳೆದುಕೊಳ್ಳುತ್ತದೆ. ಅದೇ ತುಳಸಿಯನ್ನು ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಕುಂಡಕ್ಕೆ ನೆಟ್ಟು ಅದೇ ಚೊಂಬಿನ ಲೆಕ್ಕದಲ್ಲಿ ನೀರು ಹಾಕಿದರೆ ಗಿಡ ಬೇಗ ಕರಗುತ್ತದೆ.

17ನೇ ಶತಮಾನದ ಯುರೋಪಿನ ಅರಸರು ಕಿತ್ತಳೆ ಗಿಡಗಳನ್ನು ದೊಡ್ಡ ಮರದ ಪೆಟ್ಟಿಗೆಗಳಲ್ಲಿ ಬೆಳೆಸಿ, ಚಳಿಗಾಲದಲ್ಲಿ ಒಳಕ್ಕೆ ಸರಿಸುತ್ತಿದ್ದರು. ವರ್ಸೈಲ್ಸ್ ಅರಮನೆಯ ಪೆಟ್ಟಿಗೆಗಳ ಪಕ್ಕದ ಹಲಗೆ ತೆಗೆದರೆ ಬೇರನ್ನು ನೋಡಬಹುದಿತ್ತು, ಮಣ್ಣನ್ನೂ ಬದಲಿಸಬಹುದಿತ್ತು. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಗಾಜಿನ ಮನೆಗಳು ಹೆಚ್ಚಿದಂತೆ ಕುಂಡದ ಮಣ್ಣು ಗುಟ್ಟಿನ ವಿದ್ಯೆಯಾಯಿತು. ಒಂದೊಂದು ಜಾತಿಯ ಗಿಡಕ್ಕೂ ಒಂದೊಂದು ಮಿಶ್ರಣ, ಒಬ್ಬೊಬ್ಬ ಮೇಸ್ತ್ರಿಗೂ ಒಂದೊಂದು ಪಾಠ. ನೀರು ಹಾಕುವ ಹೊತ್ತನ್ನು ತಿಳಿಯಲು ಅವರು ಕೋಲಿನ ತುದಿಗೆ ನೂಲಿನ ಉರುಳೆ ಸಿಕ್ಕಿಸಿ ಕುಂಡವನ್ನು ತಟ್ಟುತ್ತಿದ್ದರು. ಮಣ್ಣು ಒಣಗಿದ್ದರೆ ಠಣ್ಣೆನ್ನುತ್ತದೆ, ಹಸಿಯಿದ್ದರೆ ಮಂದ ಸದ್ದು. ತೆಂಗಿನಕಾಯಿಯನ್ನು ತಟ್ಟಿ ನೋಡಿ ಕೊಳ್ಳುವ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಲಂಡನ್ನಿನ ವೈದ್ಯ ನಥಾನಿಯೆಲ್ ವಾರ್ಡ್ 1829ರಲ್ಲಿ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನೊಡನೆ ಗಾಜಿನ ಸೀಸೆಯಲ್ಲಿಟ್ಟಿದ್ದ. ಅದರಲ್ಲಿ ಜರಿಗಿಡ ಮತ್ತು ಹುಲ್ಲು ತಾನಾಗಿ ಮೊಳೆತು, ಮೇಲೆ ನೀರು ಹಾಕದಿದ್ದರೂ ಬದುಕಿದವು. ಮಣ್ಣಿನಿಂದ ಆವಿಯಾದ ನೀರು ಗಾಜಿಗೆ ತಾಗಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಈ ತತ್ತ್ವದ ಮೇಲೆ ಮಾಡಿದ ಗಾಜಿನ ಪೆಟ್ಟಿಗೆಗಳು 1833ರಲ್ಲಿ ಗಿಡಗಳನ್ನು ಹೊತ್ತು ಸಿಡ್ನಿಗೆ ಹೊರಟವು. ಚೀನಾದ ಚಹಾ ಸಸಿಗಳನ್ನು ಸಸ್ಯಸಂಗ್ರಾಹಕ ರಾಬರ್ಟ್ ಫಾರ್ಚೂನ್ ಭಾರತಕ್ಕೆ ತಂದದ್ದು ಇಂಥ ಪೆಟ್ಟಿಗೆಗಳಲ್ಲಿ. ಇವು ಬಾಯಾರಿಕೆಯ ಸಮಸ್ಯೆಯನ್ನು ಬಗೆಹರಿಸಿದವು. ಕೊಳೆಯುವಿಕೆಯದು ಹಾಗೇ ಉಳಿಯಿತು.

ಅದಕ್ಕೆ ಶಾಸ್ತ್ರೀಯ ಉತ್ತರ ಹುಡುಕಿದವರು ಲಂಡನ್ನಿನ ಬಳಿಯ ಮರ್ಟನ್‌ನಲ್ಲಿ 1910ರಲ್ಲಿ ಆರಂಭವಾದ ಜಾನ್ ಇನ್ನೆಸ್ ತೋಟಗಾರಿಕಾ ಸಂಸ್ಥೆಯವರು. ತಳಿಶಾಸ್ತ್ರದ ಪ್ರಯೋಗಕ್ಕೆಂದು ಬೆಳೆಸಿದ್ದ ಪ್ರಿಮುಲಾ ಸಸಿಗಳು ಮಣ್ಣಿನ ರೋಗದಿಂದ ಸಾಯುತ್ತಿದ್ದವು. ಸಸಿ ಸತ್ತರೆ ಪ್ರಯೋಗದ ಲೆಕ್ಕವೇ ಕೆಡುತ್ತದೆ. ಡಬ್ಲ್ಯೂ. ಲಾರೆನ್ಸ್ ಮತ್ತು ಜೆ. ನ್ಯೂಎಲ್ 1930ರ ದಶಕದಲ್ಲಿ ವರ್ಷಗಟ್ಟಲೆ ಮಿಶ್ರಣ ಬದಲಿಸಿ ನೋಡಿದರು. ಕೊನೆಗೆ ನಿಂತದ್ದು ಅಳತೆಯಲ್ಲಿ 7 ಪಾಲು ಗೋಡುಮಣ್ಣು, 3 ಪಾಲು ಪೀಟ್ (ಜೌಗು ನೆಲದಲ್ಲಿ ಅರೆಕೊಳೆತು ಶೇಖರವಾದ ಸಸ್ಯಾವಶೇಷ), 2 ಪಾಲು ಒರಟು ಮರಳು. ಬೀಜ ಮೊಳೆಸಲು 2:1:1. ಗೋಡುಮಣ್ಣನ್ನು ಮಾತ್ರ ಹಬೆಯಲ್ಲಿ 80 ಡಿಗ್ರಿ ಸೆಲ್ಸಿಯಸ್‌ಗೆ ತುಸು ಮೇಲೆ ಕಾಯಿಸಿ ರೋಗಾಣುಗಳನ್ನು ಕೊಲ್ಲುತ್ತಿದ್ದರು. ಬಗೆಬಗೆಯ ಗಿಡಗಳಿಗೆ ಈ ಒಂದೇ ಮಿಶ್ರಣ ಸಾಕು ಎಂದು ತೋರಿಸಿದ್ದು ಅವರ ದೊಡ್ಡ ಸಾಧನೆ, ಮೇಸ್ತ್ರಿಗಳ ಗುಟ್ಟು ಅಲ್ಲಿಗೆ ಮುಗಿಯಿತು. ಸಂಸ್ಥೆ ಸೂತ್ರವನ್ನು ಮುಚ್ಚಿಡದೆ ಪ್ರಕಟಿಸಿತು, ಯಾರು ಬೇಕಾದರೂ ಕಲಸಿಕೊಳ್ಳಬಹುದಿತ್ತು. ಸಂಶೋಧನೆ ಎಲ್ಲರ ಕೈಗೆ ಸಿಗಬೇಕಾದದ್ದು ಹೀಗೆಯೇ. ಇಂದಿಗೂ ಬ್ರಿಟನ್ನಿನ ಅಂಗಡಿಗಳ ಮಣ್ಣಿನ ಚೀಲಗಳ ಮೇಲೆ ಕಾಣುವ ‘ಜಾನ್ ಇನ್ನೆಸ್’ ಒಂದು ಪಾಕದ ಹೆಸರು, ಕಂಪನಿಯದಲ್ಲ.

ಅಮೆರಿಕದಲ್ಲಿ ಗೋಡುಮಣ್ಣನ್ನೇ ಬಿಟ್ಟರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 1957ರಲ್ಲಿ ಕೆನೆತ್ ಬೇಕರ್ ಸಂಪಾದಕತ್ವದಲ್ಲಿ ಹೊರತಂದ ಕೈಪಿಡಿ ಸಣ್ಣ ಮರಳು ಮತ್ತು ಪೀಟ್‌ನ ಮಿಶ್ರಣವನ್ನು ಸೂಚಿಸಿತು. 1960ರ ದಶಕದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಬೂಡ್ಲಿ ಮತ್ತು ಶೆಲ್ಡ್ರೇಕ್ ಪೀಟ್‌ಗೆ ವರ್ಮಿಕ್ಯುಲೈಟ್ ಎಂಬ ಖನಿಜ, ಪರ್ಲೈಟ್ ಸೇರಿಸಿದರು. ಪರ್ಲೈಟ್ ಎಂದರೆ ಜ್ವಾಲಾಮುಖಿಯ ಗಾಜಿನಂಥ ಕಲ್ಲನ್ನು ಕಾಯಿಸಿ ಅರಳಿಸಿದ್ದು, ನೋಡಲು ಮಂಡಕ್ಕಿಯಂತೆ, ಅಷ್ಟೇ ಹಗುರ.

ಇಷ್ಟಾದರೂ ಒಂದು ತಪ್ಪು ಕಲ್ಪನೆ ಉಳಿದೇ ಇದೆ: ಕುಂಡದ ತಳಕ್ಕೆ ಬೋಕಿ, ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬುದು. ತೂತಿನ ಮೇಲೆ ಮಣ್ಣು ಜಾರದಂತೆ ಒಂದು ಬೋಕಿ ಇಟ್ಟರೆ ಸರಿ, ನಾಲ್ಕು ಬೆರಳು ಜಲ್ಲಿ ಹಾಕುವುದು ಬೇರೆ ಮಾತು. ಮಣ್ಣಿನ ಸಣ್ಣ ಸಂದುಗಳು ಕೇಶಾಕರ್ಷಣೆಯಿಂದ ನೀರನ್ನು ಹಿಡಿದುಕೊಂಡಿರುತ್ತವೆ. ತಳದ ಮಣ್ಣು ಪೂರ್ತಿ ನೆನೆದು ತುಂಬುವವರೆಗೆ ಒಂದು ಹನಿಯೂ ಕೆಳಗಿಳಿಯದು. ಭೌತವಿಜ್ಞಾನಿ ಎಡ್ಗರ್ ಬಕಿಂಗ್‌ಹ್ಯಾಮ್ 1907ರಲ್ಲಿ ಈ ಹಿಡಿತಕ್ಕೆ ಗಣಿತದ ರೂಪ ಕೊಟ್ಟ. ಒರಟು ಜಲ್ಲಿಯ ಮೇಲೆ ನುಣುಪು ಮಣ್ಣು ಕೂತರೆ ನೀರು ಅವೆರಡರ ಗಡಿಯಲ್ಲೇ ನಿಲ್ಲುತ್ತದೆ, ಅಂದರೆ ಜೌಗಿನ ಪದರ ಬೇರಿನ ಹತ್ತಿರಕ್ಕೆ ಏರುತ್ತದೆ. ಆ ಪದರ ಎಷ್ಟು ದಪ್ಪ ಎಂಬುದನ್ನು ಮಣ್ಣಿನ ಸಂದುಗಳ ಅಳತೆ ನಿರ್ಧರಿಸುತ್ತದೆ, ಕುಂಡದ ಎತ್ತರವಲ್ಲ. ಪಾತ್ರೆ ತೊಳೆಯುವ ಸ್ಪಂಜನ್ನು ನೆನೆಸಿ ಅಂಗೈ ಮೇಲೆ ಮಲಗಿಸಿ ನೋಡಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ನೆಟ್ಟಗೆ ನಿಲ್ಲಿಸಿದರೆ ಮತ್ತೆ ನೀರು ಇಳಿಯುತ್ತದೆ. ಒಂದೇ ಮಣ್ಣನ್ನು ತಟ್ಟೆಯಂಥ ಕುಂಡಕ್ಕೂ ಉದ್ದ ಕುಂಡಕ್ಕೂ ತುಂಬಿದರೆ ಆಗುವುದೂ ಇದೇ: ಉದ್ದದ್ದರಲ್ಲಿ ಗಾಳಿಯ ಪಾಲು ಹೆಚ್ಚು.

ನೀರು ನಿಂತರೆ ಸಹಿಸದ ಗಿಡಗಳಲ್ಲಿ ಗಾಂಜಾ ಒಂದು. ಬ್ರಿಟಿಷರ ಕಾಲದಲ್ಲಿ ಪರವಾನಗಿಯಡಿ ಅದನ್ನು ಬೆಳೆಯುತ್ತಿದ್ದ ಬಂಗಾಳದ ನವಗಾಂವ್ ಸೀಮೆಯಲ್ಲಿ ರೈತರು ಎತ್ತರದ ಭೂಮಿ ಆರಿಸಿ, ಏರಿ ಕಟ್ಟಿ ಸಸಿ ನಾಟಿ ಮಾಡುತ್ತಿದ್ದರು. ಹೇಮಚಂದ್ರ ಕೆರ್ ಅವರ 1877ರ ವರದಿಯೂ 1893–94ರ ಭಾರತೀಯ ಸೆಣಬು ಮಾದಕಗಳ ಆಯೋಗವೂ ಆ ಬೇಸಾಯವನ್ನು ದಾಖಲಿಸಿವೆ. 20ನೇ ಶತಮಾನದ ನಿಷೇಧಗಳು ಪಶ್ಚಿಮದಲ್ಲಿ ಈ ಗಿಡವನ್ನು ಹೊಲದಿಂದ ಕೋಣೆಯೊಳಗಿನ ಕುಂಡಕ್ಕೆ ತಳ್ಳಿದವು. ಬಿಸಿಲು, ಗಾಳಿ ಇಲ್ಲದ ಕೋಣೆಯಲ್ಲಿ ಮಣ್ಣು ಆರುವುದು ತಡ. ದೊಡ್ಡ ಕುಂಡದಲ್ಲಿ ಎಳೆ ಸಸಿಯಿಟ್ಟು ದಿನಾ ನೀರೆರೆದರೆ ಬೇರು ತಲುಪದ ಮಣ್ಣೆಲ್ಲ ಹಸಿಯಾಗಿಯೇ ಉಳಿದು ಪಿಥಿಯಂ ಎಂಬ ಬೇರುಕೊಳೆ ಸೂಕ್ಷ್ಮಜೀವಿಗೆ ಮನೆಯಾಗುತ್ತದೆ. ಮನೆಗೆ 4 ಗಿಡಗಳವರೆಗೆ ಅನುಮತಿಸುವ ಕೆನಡಾದ 2018ರ ಕಾಯಿದೆಯ ನಂತರ ಅಲ್ಲಿನ ಬೆಳೆಗಾರರು ಪರ್ಲೈಟ್ ಬೆರೆತ ಮಿಶ್ರಣ, ಬಟ್ಟೆಯ ಕುಂಡ, ಎತ್ತಿ ತೂಕ ನೋಡಿ ನೀರು ಹಾಕುವ ಕ್ರಮವನ್ನು ಬಹಿರಂಗವಾಗಿಯೇ ಅನುಸರಿಸುತ್ತಿದ್ದಾರೆ. ಭಾರತದಲ್ಲಿ 1985ರ ಮಾದಕವಸ್ತು ಕಾಯಿದೆಯಡಿ ಪರವಾನಗಿಯಿಲ್ಲದೆ ಗಾಂಜಾ ಬೆಳೆಯುವುದು ಅಪರಾಧ.

ಕರ್ನಾಟಕದ ನರ್ಸರಿಗಳ ರೂಢಿಯ ಮಿಶ್ರಣ ಕೆಮ್ಮಣ್ಣು, ಮರಳು, ಕಳಿತ ಕೊಟ್ಟಿಗೆ ಗೊಬ್ಬರ. ಕೆಮ್ಮಣ್ಣು ಕುಂಡದಲ್ಲಿ ಕೆಲವು ತಿಂಗಳಲ್ಲೇ ಬಿಗಿಯುತ್ತದೆ. ಬೇಸಗೆಯಲ್ಲಿ ಒಣಗಿ ಕುಗ್ಗಿ ಕುಂಡದ ಗೋಡೆಯಿಂದ ಬಿಡಿಸಿಕೊಳ್ಳುತ್ತದೆ. ಆಗ ಎರೆದ ನೀರು ಆ ಬಿರುಕಿನಲ್ಲೇ ಜಾರಿ ತೂತಿನಿಂದ ಸರ್ರನೆ ಹೊರಬೀಳುತ್ತದೆ. ನೋಡಿದವರಿಗೆ ಚೆನ್ನಾಗಿ ಬಸಿಯಿತು ಎನಿಸುತ್ತದೆ, ಒಳಗೆ ಬೇರಿನ ಗಡ್ಡೆ ಒಣಗಿಯೇ ಇರುತ್ತದೆ. ಕುಂಡವನ್ನು ಕತ್ತಿನವರೆಗೆ ಬಕೆಟ್ ನೀರಿನಲ್ಲಿ ಇಳಿಸಿ, ಗುಳ್ಳೆ ಏಳುವುದು ನಿಂತ ಮೇಲೆ ಎತ್ತುವುದೇ ಇದಕ್ಕೆ ಪರಿಹಾರ.

1980ರ ದಶಕದ ಕೊನೆಯಿಂದ ಪೀಟ್‌ನ ಜಾಗಕ್ಕೆ ತೆಂಗಿನ ನಾರಿನ ಪುಡಿ ಬಂತು. ಪೀಟ್ ಜೌಗು ನೆಲದಲ್ಲಿ ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಮಾತ್ರ ಬೆಳೆಯುವಂಥದು, ಅಗೆದು ಮುಗಿಸಿದರೆ ನಮ್ಮ ಕಾಲದಲ್ಲಿ ಮತ್ತೆ ಸಿಗದು. ನಾರಿನ ಪುಡಿಯಾದರೋ ಪ್ರತಿ ಕಾಯಿಯ ಸಿಪ್ಪೆಯಿಂದಲೂ ಬರುತ್ತದೆ. ಅದು ನೀರನ್ನೂ ಹಿಡಿಯುತ್ತದೆ, ಗಾಳಿಗೂ ಎಡೆ ಕೊಡುತ್ತದೆ. ಅದರಲ್ಲಿರುವ ಉಪ್ಪನ್ನು ಮಾತ್ರ ಮೊದಲು ಸಿಹಿನೀರಿನಲ್ಲಿ ತೊಳೆದು ತೆಗೆಯಬೇಕು, ಇಲ್ಲವಾದರೆ ಎಲೆಯ ಅಂಚು ಸುಡುತ್ತದೆ. ತಿಪಟೂರು, ಅರಸೀಕೆರೆ ಕಡೆಯ ನಾರಿನ ಕಾರ್ಖಾನೆಗಳ ಹಿಂದೆ ಒಂದು ಕಾಲಕ್ಕೆ ಬೇಡದ ಗುಡ್ಡೆಯಾಗಿ ಬಿದ್ದಿರುತ್ತಿದ್ದ ಈ ಕಂದು ಪುಡಿಯನ್ನು ಈಗ ತೊಳೆದು, ಒಣಗಿಸಿ, 5 ಕಿಲೋ ಇಟ್ಟಿಗೆಗಳಾಗಿ ಒತ್ತಿ ಮಾರುತ್ತಾರೆ.