ಪಿಂಚಣಿಯ ಊರು, ದುಡಿಮೆಯ ಊರು

ಧಾರವಾಡಕ್ಕೆ ‘ನಿವೃತ್ತರ ಸ್ವರ್ಗ’ ಎಂಬ ಹೆಸರು ಬರಲು ಅಲ್ಲಿನ ತಂಪು ಹವೆ, ಜಿಟಿಜಿಟಿ ಮಳೆಗಳೇ ಕಾರಣವೆನ್ನುವುದುಂಟು. ನನ್ನ ಮಟ್ಟಿಗೆ ಹವೆಗಿಂತ ದೊಡ್ಡ ಕಾರಣ ಪಿಂಚಣಿ. ಮುಂಬಯಿ ಪ್ರಾಂತ್ಯದ ಕಾಲದಿಂದ ಅದು ಕಚೇರಿ, ಕೋರ್ಟು, ಶಾಲೆಗಳ ಊರು. 1917ರಲ್ಲಿ ಕರ್ನಾಟಕ ಕಾಲೇಜು ಬಂತು, 1950ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಮುಂಬಯಿಯಿಂದ ಇಲ್ಲಿಗೆ ಸ್ಥಳಾಂತರಗೊಂಡಿತು. ತಿಂಗಳಿಗಿಷ್ಟು ಎಂಬ ಭರವಸೆಯಿದ್ದ ಮಾಸ್ತರರು, ಗುಮಾಸ್ತರು ಇಲ್ಲಿ ಮನೆ ಕಟ್ಟಿಕೊಂಡು ನೆಮ್ಮದಿಯಿಂದ ಮುಪ್ಪಾಗಬಲ್ಲವರಾಗಿದ್ದರು. ಇಪ್ಪತ್ತೇ ಕಿಲೋಮೀಟರ್ ದೂರದ ಹುಬ್ಬಳ್ಳಿಯ ಮುಪ್ಪಿನ ಚರಿತ್ರೆ ಬೇರೆ. ಅಲ್ಲಿನ ರೈಲ್ವೆ ಕಾರ್ಖಾನೆಯ ಕಾರ್ಮಿಕರಿಗೆ ಪಿಂಚಣಿ ದೊರೆತದ್ದು 1957ರಲ್ಲಿ. ಅದಕ್ಕೂ ಮುಂಚೆ ಭವಿಷ್ಯನಿಧಿಯ ಇಡಿಗಂಟೇ ಆಸರೆ. ನೇಕಾರರಿಗೂ ಹತ್ತಿ ಮಾರುಕಟ್ಟೆಯ ಹಮಾಲರಿಗೂ ಅದೂ ಇರಲಿಲ್ಲ. ಮೈ ನಡೆಯುವವರೆಗೆ ದುಡಿಮೆ, ಆಮೇಲೆ ಮಕ್ಕಳ ಮನೆ.

ಹಿಂದೆ ಕೂಡುಕುಟುಂಬವೇ ಎಲ್ಲವನ್ನೂ ನೋಡಿಕೊಳ್ಳುತ್ತಿತ್ತಲ್ಲ ಎಂದು ಕೇಳಬಹುದು. ಒಂದು ಮಟ್ಟಿಗೆ ನಿಜ. ಆದರೆ 1940ರ ದಶಕದಲ್ಲಿ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷ. ಮುದುಕರು ಕಡಿಮೆ, ಭಾರ ಹೊರುವ ಹೆಗಲುಗಳು ಹೆಚ್ಚು. ಆ ವ್ಯವಸ್ಥೆ ನಿಂತದ್ದು ಮಮತೆಯ ಮೇಲಷ್ಟೇ ಅಲ್ಲ, ಈ ಲೆಕ್ಕದ ಮೇಲೂ. 2011ರ ಜನಗಣತಿಯ ಹೊತ್ತಿಗೆ ಕರ್ನಾಟಕದ ನೂರರಲ್ಲಿ ಒಂಬತ್ತಕ್ಕೂ ಹೆಚ್ಚು ಜನ ಅರವತ್ತು ದಾಟಿದ್ದರು. ಹುಟ್ಟುವ ಮಕ್ಕಳ ಸರಾಸರಿ ಈಗ ಮಹಿಳೆಗೆ ಎರಡಕ್ಕಿಂತ ಕಡಿಮೆ. ಜಪಾನು ಇಂಥ ದಿನಗಳನ್ನು ಎದುರಿಸಿದ್ದು ಶ್ರೀಮಂತವಾದ ಮೇಲೆ; ನಾವು ಅದಕ್ಕೂ ಮುಂಚೆಯೇ ಎದುರಿಸುತ್ತಿದ್ದೇವೆ. ರಾಜ್ಯ ಸರಕಾರ 2007ರಲ್ಲಿ ತಂದ ಸಂಧ್ಯಾ ಸುರಕ್ಷಾ ಯೋಜನೆ ಹಮಾಲರಂಥವರಿಗೂ ತಿಂಗಳ ಹಣ ಕೊಟ್ಟಿತು, ಆದರೆ ಅದರ ಮೊತ್ತ ಮಾಸ್ತರರ ಪಿಂಚಣಿಯ ಹತ್ತಿರಕ್ಕೂ ಬರಲಿಲ್ಲ.