ಹತ್ತಿರದ ದಾರಿ

2024ರ ಜನವರಿಯಲ್ಲಿ ಹಡಗಿನಿಂದ ಮಗ ಫೋನ್ ಮಾಡಿದ. "ಅಮ್ಮ, ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಆಗ್ತಿದೆ. ಆಫ್ರಿಕಾ ಸುತ್ತಿಕೊಂಡು ಬರ್ತೀವಿ. ಹದಿನೈದು ದಿನ ತಡ ಆಗುತ್ತೆ, ಕಾಯಬೇಡ" ಎಂದ. ಕಾಯಬೇಡ ಎಂದರೆ ಹೆತ್ತವಳು ಕಾಯದೆ ಇರುತ್ತಾಳೆಯೇ? ಹಲಸೂರಿನ ನಮ್ಮ ಮನೆಯಲ್ಲಿ ಅವನ ಹಳೆಯ ಅಟ್ಲಾಸ್ ತೆಗೆದು ಕುಳಿತೆ.

ಯೂರೋಪಿನಿಂದ ಪೂರ್ವಕ್ಕೆ ಇನ್ನೊಂದು ದಾರಿ ಭೂಪಟದ ನೆತ್ತಿಯ ಮೇಲಿದೆ, ಉತ್ತರಧ್ರುವದ ಹಿಮದ ಕಡಲಲ್ಲಿ. ನಮ್ಮ ಕಡೆಯ ರೇಷ್ಮೆ, ಸಂಬಾರ ಪದಾರ್ಥಗಳ ಆಸೆಗೆ ಇಂಗ್ಲಿಷರು ಅದನ್ನು ಮುನ್ನೂರು ವರ್ಷ ಹುಡುಕಿದರು. 1553ರಲ್ಲಿ ಹೊರಟ ವಿಲ್ಲೊಬಿ ಮತ್ತು ಸಂಗಡಿಗರು ರಷ್ಯಾದ ಉತ್ತರ ತೀರದ ಚಳಿಗಾಲದಲ್ಲೇ ತೀರಿಕೊಂಡರು. ಕೊನೆಗೆ ಇಂಗ್ಲಿಷರು ಇಲ್ಲಿಗೆ ಬಂದದ್ದು ಆಫ್ರಿಕಾ ಸುತ್ತಿಯೇ. 1809ರಲ್ಲಿ ನಮ್ಮ ಹಲಸೂರಿನ ಬಳಿ ದಂಡು ಕಟ್ಟಿದರು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅಲ್ಲಿಯವರೆಗೆ ದಂಡಿನ ಸೋಲ್ಜರನ ಕಾಗದ ಊರಿನ ತಾಯಿಗೆ ಮುಟ್ಟಲು ಎಷ್ಟು ತಿಂಗಳು ಬೇಕಿತ್ತೋ!

ಆದರೂ ಹತ್ತಿರದ ದಾರಿಯ ಹುಚ್ಚು ಬಿಡಲಿಲ್ಲ. 1845ರಲ್ಲಿ ಜಾನ್ ಫ್ರಾಂಕ್ಲಿನ್ ಎರಡು ಹಡಗುಗಳೊಡನೆ ಕೆನಡಾದ ಉತ್ತರಕ್ಕೆ ಹೊರಟ. 129 ಜನರಲ್ಲಿ ಒಬ್ಬನೂ ಮರಳಲಿಲ್ಲ. ಹೆಂಡತಿ ಜೇನ್ ಸುಮ್ಮನೆ ಕೂರಲಿಲ್ಲ. ಸರ್ಕಾರ ಕೈಚೆಲ್ಲಿದಾಗ ತಾನೇ ಹಣ ಹೊಂದಿಸಿ ಹಡಗು ಕಳಿಸಿದಳು. 1859ರಲ್ಲಿ ಹಿಮದ ನಾಡಿನಲ್ಲೊಂದು ಚೀಟಿ ಸಿಕ್ಕಿತು: ಫ್ರಾಂಕ್ಲಿನ್ 1847ರ ಜೂನಿನಲ್ಲೇ ತೀರಿಕೊಂಡಿದ್ದ. ಹನ್ನೆರಡು ವರ್ಷ ಆಕೆ ಕಾದದ್ದು ಇಲ್ಲದವನಿಗಾಗಿ.

ಅಲ್ಲಿಯ ಮೂಲನಿವಾಸಿಗಳಾದ ಇನ್ಯೂಟ್ ಜನ 1854ರಲ್ಲೇ ಹಸಿವಿನಿಂದ ಸತ್ತ ಬಿಳಿಯರ ಸುದ್ದಿ ಹೇಳಿದ್ದರು. ಇಂಗ್ಲೆಂಡಿನ ದೊಡ್ಡವರಿಗೆ ಆ ಮಾತು ರುಚಿಸಲಿಲ್ಲ. 2014 ಮತ್ತು 2016ರಲ್ಲಿ ಮುಳುಗಿದ ಹಡಗುಗಳು ಪತ್ತೆಯಾದಾಗ ದಾರಿ ತೋರಿದ್ದು ಅವರ ಮಾತೇ. ಆ ಜಲಮಾರ್ಗವನ್ನು ಹಡಗಿನಲ್ಲಿ ಮೊದಲು ದಾಟಿದವನು ನಾರ್ವೆಯ ಅಮುಂಡ್ಸೆನ್. 1903ರಿಂದ 1906ರವರೆಗೆ, ಪುಟ್ಟ ಹಡಗಿನಲ್ಲಿ, ಆರೇ ಜನರೊಂದಿಗೆ. ಇನ್ಯೂಟರಿಂದ ತೊಗಲಿನ ಉಡುಪು, ನಾಯಿಬಂಡಿ ಕಲಿತದ್ದು ಅವನನ್ನು ಉಳಿಸಿತು.

ಈಗ ಆ ಹಿಮ ತಾನಾಗಿ ಕರಗುತ್ತಿದೆ. ಬೇಸಿಗೆಯಲ್ಲಿ ರಷ್ಯಾದ ಉತ್ತರ ತೀರದಲ್ಲಿ ಸರಕಿನ ಹಡಗುಗಳು ಓಡಾಡುತ್ತವೆ. ಯೂರೋಪಿನಿಂದ ಜಪಾನಿಗೆ ದೂರ ಮೂರರಲ್ಲಿ ಒಂದು ಪಾಲು ಕಡಿಮೆ. ದಾರಿ ತೆರೆದದ್ದು ನಾವಿಕರ ಧೈರ್ಯವಲ್ಲ, ಭೂಮಿಗೆ ಬಂದ ಜ್ವರ. ಆ ಕರಗುವಿಕೆಗೂ ನಮ್ಮ ಮುಂಗಾರಿಗೂ ಇರುವ ನಂಟನ್ನು ತಿಳಿಯಲು ಭಾರತ 2008ರಲ್ಲಿ ಅಲ್ಲೇ 'ಹಿಮಾದ್ರಿ' ಎಂಬ ಕೇಂದ್ರ ತೆರೆದಿದೆ.

ಮಗ ಇಪ್ಪತ್ತು ದಿನ ತಡವಾಗಿ ಬಂದ. ಊಟಕ್ಕೆ ಕೂತವನು, "ಮುಂದೆ ಉತ್ತರದ ದಾರೀಲಿ ಹೋಗೋ ಹಾಗಾದ್ರೆ ಬೇಗ ಬರಬಹುದಮ್ಮ" ಎಂದ.

"ಸುತ್ತಿಕೊಂಡೇ ಬಾರಪ್ಪ" ಎಂದೆ, ಸಾರು ಬಡಿಸುತ್ತ.