ಬಾಲ್ಯವಿವಾಹ ನಿಷೇಧ ಕಾಯ್ದೆ, 2006 ಮತ್ತು ಕರ್ನಾಟಕದ ತಿದ್ದುಪಡಿ

18 ತುಂಬದ ಹುಡುಗಿ ಅಥವಾ 21 ತುಂಬದ ಹುಡುಗನ ಮದುವೆಯನ್ನು ಅಪರಾಧವೆಂದು ಸಾರುವ ಕೇಂದ್ರ ಕಾಯ್ದೆ ಇದು. 2007ರ ನವೆಂಬರ್ 1ರಂದು ಜಾರಿಗೆ ಬಂತು. ಕರ್ನಾಟಕ ಇದಕ್ಕೆ ತಂದ ತಿದ್ದುಪಡಿ ಮೂಲ ಕಾಯ್ದೆಗಿಂತ ಕಟ್ಟುನಿಟ್ಟಾದದ್ದು.

ಬಾಲ್ಯವಿವಾಹಕ್ಕೆ ಕಾನೂನಿನ ಕಡಿವಾಣ ಹಾಕುವುದರಲ್ಲಿ ಮೈಸೂರು ಸಂಸ್ಥಾನ ಮುಂದಿತ್ತು. ಹತ್ತನೇ ಚಾಮರಾಜೇಂದ್ರ ಒಡೆಯರ ಆಳ್ವಿಕೆಯ ಕೊನೆಯ ವರ್ಷ, 1894ರಲ್ಲಿ, ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ಇಲ್ಲಿ ನಿಷೇಧಿಸಲಾಯಿತು. 50 ದಾಟಿದ ಗಂಡಸು 14ರೊಳಗಿನ ಹುಡುಗಿಯನ್ನು ಮದುವೆಯಾಗುವುದಕ್ಕೂ ಅದೇ ಕಾನೂನು ತಡೆಯೊಡ್ಡಿತು. ಎಂಟು ಎಂಬ ಮಿತಿ ಇಂದು ತೀರಾ ಕಡಿಮೆ ಎನಿಸಬಹುದು. ತೊಟ್ಟಿಲ ಮದುವೆಗಳ ಕಾಲದಲ್ಲಿ ಅದು ದೊಡ್ಡ ಹೆಜ್ಜೆಯೇ. ಬ್ರಿಟಿಷ್ ಇಂಡಿಯಾದಲ್ಲಿ ಹರ್ ಬಿಲಾಸ್ ಸಾರ್ದಾ ಅವರ ಹೆಸರಿನಿಂದ ಪ್ರಸಿದ್ಧವಾದ ಕಾಯ್ದೆ ಬಂದದ್ದು 1929ರಲ್ಲಿ. ಅದು ಹುಡುಗಿಗೆ 14, ಹುಡುಗನಿಗೆ 18 ಎಂದು ಗೊತ್ತುಮಾಡಿತು. 1978ರ ತಿದ್ದುಪಡಿ ಈ ಮಿತಿಯನ್ನು 18 ಮತ್ತು 21ಕ್ಕೆ ಏರಿಸಿತು. ಆದರೆ ಸಾರ್ದಾ ಕಾಯ್ದೆ ಮದುವೆ ಮಾಡಿಸಿದವರನ್ನು ಶಿಕ್ಷಿಸುತ್ತಿತ್ತೇ ಹೊರತು ಮದುವೆಯನ್ನು ಮುಟ್ಟುತ್ತಿರಲಿಲ್ಲ. ದಂಡ ಕಟ್ಟಿದರೆ ತಾಳಿ ಗಟ್ಟಿ.

2006ರ ಕಾಯ್ದೆ ಈ ಕೊರತೆಯನ್ನು ಅರ್ಧ ಮಾತ್ರ ತುಂಬಿತು. ಬಾಲ್ಯದಲ್ಲಿ ಮದುವೆಯಾದವರು ವಯಸ್ಕರಾದ ಎರಡು ವರ್ಷದೊಳಗೆ ನ್ಯಾಯಾಲಯಕ್ಕೆ ಹೋಗಿ ಮದುವೆಯನ್ನು ರದ್ದುಪಡಿಸಿಕೊಳ್ಳಬಹುದು. ಹಾಗೆ ರದ್ದಾದಾಗ ಹುಡುಗಿಗೆ ಮರುಮದುವೆಯವರೆಗೆ ಜೀವನಾಂಶ ಕೊಡಿಸುವ ಅವಕಾಶವೂ ಇದೆ. ಅತ್ತೆ ಮನೆಯಲ್ಲಿ ಕೂಸು ಎತ್ತಿಕೊಂಡಿರುವ ಹತ್ತೊಂಬತ್ತರ ಹುಡುಗಿ ವಕೀಲರನ್ನು ಹುಡುಕಿಕೊಂಡು ಜಿಲ್ಲಾ ನ್ಯಾಯಾಲಯಕ್ಕೆ ಹೋಗುತ್ತಾಳೆಂದು ನಂಬುವುದು ಕಷ್ಟ. ಬಲವಂತವಾಗಿ, ಮೋಸದಿಂದ ಅಥವಾ ಮಾರಾಟಕ್ಕಾಗಿ ಕರೆದೊಯ್ದು ಮಾಡಿದ ಮದುವೆ, ಮ್ಯಾಜಿಸ್ಟ್ರೇಟರ ತಡೆಯಾಜ್ಞೆ ಮೀರಿ ನಡೆದ ಮದುವೆ ಮಾತ್ರ ತಾನಾಗಿಯೇ ಅಸಿಂಧು. ವಯಸ್ಕ ವರ, ಪುರೋಹಿತರು, ತಂದೆತಾಯಿ, ಮದುವೆಯಲ್ಲಿ ಭಾಗವಹಿಸಿದವರು ಎಲ್ಲರೂ ಶಿಕ್ಷೆಗೆ ಗುರಿ: ಎರಡು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಹೆಂಗಸರಿಗೆ ಜೈಲಿಲ್ಲ. ಅಕ್ಷಯ ತೃತೀಯದ ಹೆಸರು ಕಾಯ್ದೆಯಲ್ಲೇ ಇದೆ. ಅಂಥ ದಿನಗಳ ಸಾಮೂಹಿಕ ಬಾಲ್ಯವಿವಾಹ ತಡೆಯಲು ಜಿಲ್ಲಾ ಮ್ಯಾಜಿಸ್ಟ್ರೇಟರೇ ನಿಷೇಧಾಧಿಕಾರಿ.

ಕರ್ನಾಟಕದ ತಿದ್ದುಪಡಿಯ ಬೇರು ಹೈಕೋರ್ಟಿನಲ್ಲಿದೆ. ಅಲ್ಲಿನ ಒಂದು ರಿಟ್ ಅರ್ಜಿಯ ಫಲವಾಗಿ ನ್ಯಾಯಮೂರ್ತಿ ಶಿವರಾಜ ವಿ. ಪಾಟೀಲರ ನೇತೃತ್ವದಲ್ಲಿ ಸಮಿತಿ ರಚನೆಯಾಗಿ 2011ರಲ್ಲಿ ವರದಿ ಕೊಟ್ಟಿತು. 2016ರ ತಿದ್ದುಪಡಿ 2017ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆಯಿತು. ಅಂದಿನಿಂದ ರಾಜ್ಯದಲ್ಲಿ ನಡೆಯುವ ಪ್ರತಿ ಬಾಲ್ಯವಿವಾಹವೂ ಮೊದಲಿನಿಂದಲೇ ಅಸಿಂಧು, ಅರ್ಜಿ ಹಾಕುವ ಗೋಜಿಲ್ಲ. ಕನಿಷ್ಠ ಒಂದು ವರ್ಷದ ಸಜೆಯೂ ಸೇರಿತು. ಅದೇ ವರ್ಷ ಅಕ್ಟೋಬರ್ 11ರಂದು, 18ರೊಳಗಿನ ಪತ್ನಿಯೊಂದಿಗಿನ ಲೈಂಗಿಕ ಸಂಪರ್ಕವೂ ಅತ್ಯಾಚಾರವೇ ಎಂದು ತೀರ್ಪಿತ್ತ ಸುಪ್ರೀಂ ಕೋರ್ಟ್, ಕರ್ನಾಟಕದ ಹಾದಿಯನ್ನು ಇತರ ರಾಜ್ಯಗಳೂ ಹಿಡಿಯುವುದು ಒಳಿತೆಂದಿತು. ಮದುವೆಯೇ ಇಲ್ಲವೆಂದ ಮೇಲೆ ಹೆಂಡತಿಯ ಹಕ್ಕುಗಳ ಗತಿಯೇನು ಎಂಬ ಆಕ್ಷೇಪವೂ ಇದೆ. ಅದು ತಳ್ಳಿಹಾಕುವಂಥದ್ದಲ್ಲ.

ಊರಿನಲ್ಲಿ ಈ ಕಾನೂನಿನ ಕೆಲಸ ಕಾಣುವುದು ಮುಹೂರ್ತದ ಹಿಂದಿನ ದಿನ. ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುತ್ತಾರೆ. ಅಧಿಕಾರಿಗಳು, ಅಂಗನವಾಡಿ ಕಾರ್ಯಕರ್ತೆ, ಪೊಲೀಸರು ಚಪ್ಪರದ ಮುಂದೆ ನಿಂತು ಶಾಲೆಯ ದಾಖಲೆಯಲ್ಲಿ ಜನ್ಮದಿನಾಂಕ ನೋಡುತ್ತಾರೆ. ಹೆತ್ತವರಿಂದ ಮುಚ್ಚಳಿಕೆ ಬರೆಸಿಕೊಳ್ಳುವುದೂ ಉಂಟು. ಮುಚ್ಚಳಿಕೆ ಕೊಟ್ಟ ಕುಟುಂಬ ಬೇರೆ ಊರಿನ ದೇವಸ್ಥಾನದಲ್ಲಿ ತಾಳಿ ಕಟ್ಟಿಸಿದರೆ ಆ ಕಾಗದಕ್ಕೆ ಬೆಲೆಯಿಲ್ಲ. ಮ್ಯಾಜಿಸ್ಟ್ರೇಟರ ತಡೆಯಾಜ್ಞೆಗಿರುವ ಬಲವೂ ಅದಕ್ಕಿಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ, ರಾಜ್ಯದಲ್ಲಿ 20–24ರ ವಯಸ್ಸಿನ ಮಹಿಳೆಯರಲ್ಲಿ ಶೇ. 21.3 ಮಂದಿ 18ಕ್ಕೆ ಮುನ್ನವೇ ಮದುವೆಯಾದವರು. ದೇಶದ ಸರಾಸರಿ ಶೇ. 23.3. ಕರ್ನಾಟಕದಲ್ಲಿ ಈ ಸಮೀಕ್ಷೆ ನಡೆದದ್ದು 2019ರಲ್ಲಿ. ಆ ಮಹಿಳೆಯರಲ್ಲಿ ಹೆಚ್ಚಿನವರಿಗೆ ತಿದ್ದುಪಡಿ ಬರುವ ಮೊದಲೇ 18 ತುಂಬಿತ್ತು. ಹಾಗಾಗಿ ತಿದ್ದುಪಡಿಯ ಸೋಲುಗೆಲುವನ್ನು ಈ ಅಂಕಿಯಿಂದ ಅಳೆಯಲಾಗದು.